ಬಲಗಡೆಯ ಸ್ಟ್ರೋಬ್

ನೀರು ಸರಬರಾಜು ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕೂತಾಗ ಕ್ಯಾಷಿಯರ್ ತಾನು ತೆಗೆದ ಫೋಟೋಗಳನ್ನು ತೋರಿಸದೆ ಬಿಟ್ಟ ದಿನವಿಲ್ಲ. ಉಳಿದವರು ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಅವನ ಮೊಬೈಲು ಮೇಜಿನ ಮೇಲೆ ಬಂದಿರುತ್ತಿತ್ತು. ಇದು ಸೂರ್ಯಾಸ್ತ. ಇದು ಅದೇ ಸೂರ್ಯಾಸ್ತ, ಸ್ವಲ್ಪ ಹತ್ತಿರದಿಂದ. ಇದು ಸೂರ್ಯ ಹೋದಮೇಲೆ ಉಳಿದ ಜಾಗ.

ಒಂದು ದಿನ ಇದನ್ನು ತಾಳಲಾರದೆ ಆಗ್ಲಪ್ಪನವರು ತಮ್ಮ ಮೊಬೈಲನ್ನೂ ಮೇಜಿನ ಮೇಲಿಟ್ಟರು. ಆಗ್ಲಪ್ಪನವರು ಮೀಟರ್ ವಿಭಾಗದ ಗುಮಾಸ್ತರು. ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಯಾರು ಏನು ಕೇಳಿದರೂ ‘ಆಗ್ಲಿ’ ಎಂದು ಒಪ್ಪಿಕೊಂಡು, ಆಮೇಲೆ ಒಪ್ಪಿಕೊಂಡದ್ದು ಏನೆಂದು ಯೋಚಿಸುವ ಸ್ವಭಾವದಿಂದಾಗಿ ಈ ಹೆಸರೇ ಗಟ್ಟಿಯಾಗಿತ್ತು. ಮೊಬೈಲಿನಲ್ಲಿ ಇದ್ದದ್ದು ಒಂದು ಮೀನು. ಕಪ್ಪು ನೀರಿನ ನಡುವೆ ಕಿತ್ತಳೆ ಬಣ್ಣದ ಮೀನು, ಮೈಮೇಲಿನ ಒಂದೊಂದು ಹುರುಪೆಯನ್ನೂ ಎಣಿಸುವಷ್ಟು ಸ್ಪಷ್ಟ. ಹಡಗಿನಲ್ಲಿ ಕೆಲಸ ಮಾಡುವ, ರಜೆ ಸಿಕ್ಕಿದರೆ ಸಮುದ್ರಕ್ಕೇ ಧುಮುಕುವ ಭಾವಮೈದುನ ತೆಗೆದು ಕಳಿಸಿದ್ದು.

“ಅಬ್ಬಬ್ಬಾ! ನೀವೇ ತೆಗೆದಿದ್ದಾ?” ಎಂದು ಟಪಾಲು ವಿಭಾಗದವಳು ಕೇಳಿದಳು.

ಆಗ್ಲಪ್ಪನವರ ಬಾಯಿ ತುಂಬ ತುತ್ತಿತ್ತು. ತಲೆ ಮೇಲೆ ಕೆಳಗೆ ಆಡಿತು. ನ್ಯಾಯವಾಗಿ ಹೇಳುವುದಾದರೆ ಅವರು ಸುಳ್ಳು ಹೇಳಲಿಲ್ಲ, ಅಗಿದರು. ಆದರೆ ಕ್ಯಾಷಿಯರನ ಮುಖ ಸಪ್ಪಗಾದದ್ದನ್ನು ನೋಡಿದ ಮೇಲೆ, ನುಂಗಿ ಬಾಯಿ ಖಾಲಿಯಾದಾಗಲೂ ತಿದ್ದಲು ಮನಸ್ಸು ಬರಲಿಲ್ಲ.

“ನೀರಿನ ಕೆಳಗೆ ಬೆಳಕು ಎಲ್ಲಿಂದ ಬಂತು?” ಕ್ಯಾಷಿಯರ್ ಪಟ್ಟು ಬಿಡಲಿಲ್ಲ.

“ಅದಕ್ಕೆ ಹೌಸಿಂಗ್ ಬೇಕು, ಸ್ಟ್ರೋಬ್ ಬೇಕು,” ಎಂದರು ಆಗ್ಲಪ್ಪನವರು. ಭಾವಮೈದುನ ಮಾತಾಡುವಾಗ ಕಿವಿಗೆ ಬಿದ್ದ ಎರಡೇ ಪದಗಳು ಅವು. ಎರಡನ್ನೂ ಒಂದೇ ಸಲ ಖರ್ಚು ಮಾಡಿಬಿಟ್ಟರು.

“ಹೌಸಿಂಗ್ ಅಂದ್ರೆ ಸಾಲ ಮಾಡ್ಬೇಕಾ?” ಎಂದು ಟಪಾಲಿನವಳು ಕೇಳಿದಳು. ಆಗ್ಲಪ್ಪನವರು ಇನ್ನೊಂದು ತುತ್ತನ್ನು ಬಾಯಿಗೆ ತುಂಬಿಕೊಂಡರು.

ಮೀನಿನ ಸುದ್ದಿ ಮೆಟ್ಟಿಲು ಹತ್ತಿ ಎಂಜಿನಿಯರ್ ಸಾಹೇಬರ ಕೋಣೆ ತಲುಪಿತು. ಸಾಹೇಬರಿಗೆ ಆಗ ಒಂದು ದೊಡ್ಡ ತಲೆನೋವಿತ್ತು. ಗುಡ್ಡದ ಮೇಲಿನ ಟ್ಯಾಂಕಿನಲ್ಲಿ ನೀರು ದಿನದಿಂದ ದಿನಕ್ಕೆ ಇಳಿಯುತ್ತಿತ್ತು. ಒಳಗೆಲ್ಲೋ ಬಿರುಕು ಬಿಟ್ಟಿದೆ, ಎಲ್ಲಿ ಎಂದು ತಿಳಿಯದು. ಟ್ಯಾಂಕನ್ನು ಬರಿದು ಮಾಡಿ ನೋಡೋಣವೆಂದರೆ ಊರಿಗೆ ಊರೇ ಬಾಯಾರಬೇಕು.

“ಏನ್ರೀ, ನೀವು ನೀರೊಳಗೆ ಫೋಟೋ ತೆಗೀತೀರಂತೆ?”

“ಅದು ಸಾರ್, ನಮ್ಮ ಭಾವಮೈದ…”

“ಅವರನ್ನೂ ಕರ್ಕೊಂಡು ಬನ್ನಿ, ಬೇಡ ಅಂದೋರ್ಯಾರು? ಸೋಮವಾರ ಟ್ಯಾಂಕಿಗೆ ಇಳಿದು ಒಳಗೋಡೆದೆಲ್ಲ ತೆಗೆದುಬಿಡಿ. ಊರು ಉಳೀತು.”

“ಆಗ್ಲಿ ಸಾರ್,” ಎಂದಿತು ಆಗ್ಲಪ್ಪನವರ ಬಾಯಿ.

ಮನೆಗೆ ಬಂದು ಹೇಳಿದಾಗ ಹೆಂಡತಿ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

“ನಿಮಗೆ ಈಜು ಬರಲ್ವಲ್ರೀ.”

“ಈಜೋದಲ್ವೇ. ಮುಳುಗೋದು.”

“ಹಾಗಾದ್ರೆ ಸರಿ. ಅದು ಯಾರಿಗಾದ್ರೂ ಬರುತ್ತೆ.”

ಭಾವಮೈದುನ ಹಡಗು ಹತ್ತುವಾಗ ತನ್ನ ಕ್ಯಾಮೆರಾದ ಪೆಟ್ಟಿಗೆಯನ್ನು ಅಕ್ಕನ ಮನೆಯ ಮಂಚದ ಕೆಳಗೆ ಬಿಟ್ಟುಹೋಗಿದ್ದ. ಆಗ್ಲಪ್ಪನವರು ಅದನ್ನು ಎಳೆದು, ಬಚ್ಚಲುಮನೆಗೆ ಒಯ್ದು, ನೀರಿನ ಡ್ರಮ್ಮಿನ ಪಕ್ಕದಲ್ಲಿ ಹರಡಿಕೊಂಡು ಕೂತರು. ಹೌಸಿಂಗ್ ಎಂದರೆ ಕ್ಯಾಮೆರಾಕ್ಕೆ ತೊಡಿಸುವ, ನೀರು ಹೋಗದ ದಪ್ಪ ಪೆಟ್ಟಿಗೆ ಎಂದು ತಿಳಿಯಿತು. ಅದರ ಎಡಕ್ಕೊಂದು ಬಲಕ್ಕೊಂದು ಮಡಚುವ ತೋಳು. ಒಂದೊಂದು ತೋಳಿನ ತುದಿಗೂ ಸಣ್ಣ ತಂಬಿಗೆಯಷ್ಟು ದಪ್ಪದ ಫ್ಲ್ಯಾಶು. ಅದೇ ಸ್ಟ್ರೋಬು. ಕ್ಯಾಮೆರಾದ ಸ್ವಂತ ಫ್ಲ್ಯಾಶು ಪೆಟ್ಟಿಗೆಯೊಳಗೆ ಮಿಂಚಿದರೆ, ಆ ಮಿಂಚು ಫೈಬರ್ ಕೇಬಲಿನ ಮೂಲಕ ಹೊರಗೆ ಹರಿದು ಸ್ಟ್ರೋಬನ್ನು ಎಬ್ಬಿಸಬೇಕು. ಎಡಗಡೆಯದು ಒಡನೆಯೇ ಎದ್ದಿತು. ಬಚ್ಚಲುಮನೆಯೆಲ್ಲ ಬೆಳ್ಳಗಾಗಿ, ಆಗ್ಲಪ್ಪನವರಿಗೆ ಸ್ವಲ್ಪ ಹೊತ್ತು ಹಸಿರು ಚುಕ್ಕೆಗಳಲ್ಲದೆ ಬೇರೇನೂ ಕಾಣಲಿಲ್ಲ. ಬಲಗಡೆಯದು ಮಾತ್ರ ಏನು ಮಾಡಿದರೂ ಕಣ್ಣು ಬಿಡಲಿಲ್ಲ.

ಹೆಂಡತಿ ತಮ್ಮನಿಗೆ ಫೋನು ಹಚ್ಚಿದಳು. ಮನೆಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ಬಾಲ್ಕನಿಯ ಒಂದು ಮೂಲೆಯಲ್ಲಿ ಮಾತ್ರ. ಆ ಮೂಲೆಗೆ ಎದುರಾಗಿ ಪಕ್ಕದ ಮನೆಯ ಟೀಚರಮ್ಮನ ಅಡುಗೆಮನೆಯ ಕಿಟಕಿ. ಅವರು ಕೆಲಸದಿಂದ ನಿವೃತ್ತರಾದವರು, ಕುತೂಹಲದಿಂದ ಅಲ್ಲ. ಕುಕ್ಕರಿನ ಸೀಟಿಯ ನಡುವೆ ಅವರಿಗೆ ಅರ್ಧರ್ಧ ಮಾತು ಕೇಳಿಸಿತು. ಉಳಿದರ್ಧವನ್ನು ಅವರೇ ಜೋಡಿಸಿಕೊಂಡರು. ಜೀವಮಾನವೆಲ್ಲ ಮಕ್ಕಳಿಗೆ ಬಿಟ್ಟ ಸ್ಥಳ ತುಂಬುವುದನ್ನು ಕಲಿಸಿದವರು.

“ಹಲೋ! ನಿನ್ ಭಾವಂದು ಕಣೋ! ಸ್ಟ್ರೋಬ್! ಸ್ಟ್ರೋಬ್ ಕಣೋ!” ಹೆಂಡತಿ ಸಮುದ್ರ ದಾಟುವಷ್ಟು ಗಟ್ಟಿಯಾಗಿ ಕೂಗುತ್ತಿದ್ದಳು. “ಹ್ಞೂಂ, ಎರಡು! ಎಡಗಡೆದು ಪರವಾಗಿಲ್ಲ. ಬಲಗಡೆದು ಪೂರ್ತಿ ಹೋಗಿದೆ! ತೋಳು ಮಡಚಿ ನೋಡಿದ್ದಾಯ್ತು, ನೀರಲ್ಲಿ ಮುಳುಗಿಸಿ ನೋಡಿದ್ದಾಯ್ತು. ಊಹೂಂ, ಜೀವಾನೇ ಇಲ್ಲ! ಒಳಗಿಂದ ಕನೆಕ್ಷನ್ನೇ ತಪ್ಪಿಹೋಗಿದ್ಯೋ ಏನೋ! ಹಲೋ? ಹಲೋ?”

ಸಮುದ್ರ ಉತ್ತರ ಕೊಡಲಿಲ್ಲ. ಟೀಚರಮ್ಮ ಗ್ಯಾಸು ಆರಿಸಿದರು. ಮುಂದಿನ ಕ್ಷಣ ಇಡೀ ಕಟ್ಟಡಕ್ಕೆ ಕೇಳಿಸುವಂತೆ ಅವರ ದನಿ ಮೆಟ್ಟಿಲಿನಲ್ಲಿ ಮೊಳಗಿತು. “ಬನ್ರಪ್ಪಾ ಯಾರಾದ್ರೂ! ಪಕ್ಕದ್ಮನೆಯವರಿಗೆ ಸ್ಟ್ರೋಕ್! ಒಂದಲ್ಲ, ಎರಡು!”

ಜನ ಬಚ್ಚಲುಮನೆಗೆ ನುಗ್ಗಿದಾಗ ಆಗ್ಲಪ್ಪನವರು ತೊಯ್ದ ನೆಲದ ಮೇಲೆ ಕುಕ್ಕರಗಾಲಿನಲ್ಲಿದ್ದರು. ಬಲಗೈ ಹೆಗಲವರೆಗೆ ಡ್ರಮ್ಮಿನಲ್ಲಿ. ಎಡಗೈಯಲ್ಲಿ ಟಾರ್ಚು. ಮೂರನೆಯ ಕೈ ಇಲ್ಲವಾದ್ದರಿಂದ ಕೇಬಲು ಹಲ್ಲಿನಲ್ಲಿ.

“ಏನಾಗ್ತಿದೆಯಪ್ಪಾ ನಿಮಗೆ?” ಎಂದು ಟೀಚರಮ್ಮ ಕೇಳಿದರು.

“ಅಲಅಡೆಉ ಅತ್ತಿಲ್ಲ,” ಎಂದರು ಆಗ್ಲಪ್ಪನವರು. ಬಲಗಡೆಯದು ಬರುತ್ತಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

“ಅಯ್ಯೋ, ಮಾತೂ ಹೋಯ್ತು!”

ಮೇಲಿನ ಮನೆಯ ವಿಮಾ ಏಜೆಂಟರು ಹೆಗಲು ಹಿಡಿದರು, ಇನ್ಯಾರೋ ಕಾಲು ಹಿಡಿದರು. ಹೊತ್ತೊಯ್ಯುವಾಗ ಬಾಗಿಲ ಚೌಕಟ್ಟಿಗೆ ತಲೆ ಬಡಿದು ಆಗ್ಲಪ್ಪನವರಿಗೆ ನಿಜವಾಗಿಯೂ ಮಾತು ನಿಂತಿತು.

ಬೀದಿಯ ಕೊನೆಯ ಡಾಕ್ಟರು ಬಂದರು. ಮಂಡಿಗೆ ಸುತ್ತಿಗೆಯಿಂದ ತಟ್ಟಿದರು. ಬಲಗಾಲು ಎಷ್ಟು ಚುರುಕಾಗಿ ಚಿಮ್ಮಿತೆಂದರೆ ಅವರ ಕನ್ನಡಕ ಮೂಗಿನಿಂದ ಜಾರಿತು. ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಿದ್ದರು. “ಇವರಿಗೆ ನಾನು ಮಾಡೋಂಥದ್ದು ಏನೂ ಇಲ್ಲ,” ಎಂದು ಬ್ಯಾಗು ಮುಚ್ಚಿ ಸರಸರನೆ ಹೊರಟರು.

ಬಾಗಿಲಲ್ಲಿ ನಿಂತಿದ್ದ ಟೀಚರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಕೈ ಬಿಟ್ರು! ಡಾಕ್ಟ್ರೇ ಕೈ ಬಿಟ್ರು!”

ಇನ್ನು ಸಾಕು, ಎದ್ದು ವಿಷಯ ಹೇಳಿಬಿಡೋಣವೆಂದು ಆಗ್ಲಪ್ಪನವರು ಹಾಸಿಗೆಯ ಮೇಲೆ ಒಂದು ಮೊಣಕೈ ಊರಿದರು. ಅಷ್ಟರಲ್ಲಿ ಬಾಲ್ಕನಿಯ ಮೂಲೆಯಲ್ಲಿಟ್ಟಿದ್ದ ಹೆಂಡತಿಯ ಫೋನಿಗೆ ಸಾಹೇಬರ ಕರೆ ಬಂತು. ಸ್ಪೀಕರಿನಲ್ಲಿ ಕೋಣೆಯವರೆಗೂ ಕೇಳಿಸಿದ ಸಾಹೇಬರ ದನಿ ಗದ್ಗದವಾಗಿತ್ತು. “ಏನಮ್ಮಾ ಇದು, ಈಗ ತಾನೇ ಗೊತ್ತಾಯ್ತು. ಅವರಿಗೆ ಹೇಳಿ, ಸೋಮವಾರದ್ದು ಮರೆತುಬಿಡಲಿ. ಟ್ಯಾಂಕಿಗೆ ಇಳಿಯೋ ಮಾತೇ ಬೇಡ. ಎಷ್ಟು ದಿನ ಬೇಕಾದ್ರೂ ಮಲಗಿರಲಿ.”

ಆಗ್ಲಪ್ಪನವರು ಊರಿದ ಮೊಣಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

ಎಲ್ಲರೂ ಹೋದಮೇಲೆ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಎಷ್ಟು ದಿನ ಈ ನಾಟಕ?”

“ಸೋಮವಾರ ಒಂದು ಕಳೆದುಬಿಡಲಿ.”

“ಯಾವ ಕಡೆ ಬಿದ್ದುಹೋಗಿದೆ ಅನ್ನೋದಾದ್ರೂ ನೆನಪಿಟ್ಕೊಳ್ಳಿ.”

ಇದು ಕೇಳಿದಷ್ಟು ಸುಲಭವಾಗಿರಲಿಲ್ಲ. ಮರುದಿನ ಬಂದ ಚಿಕ್ಕಮ್ಮ ಕಾಲಬುಡದಲ್ಲಿ ಕೂತು, ಬಲಗಾಲಿನ ಹೆಬ್ಬೆರಳನ್ನು ಇಕ್ಕುಳದಂತೆ ಹಿಡಿದು ಹಿಂಡಿದರು. “ಗೊತ್ತಾಗುತ್ತೇನೋ ಕಂದಾ?” ಆಗ್ಲಪ್ಪನವರ ಕಣ್ಣಲ್ಲಿ ನೀರು ತುಂಬಿತು. ಬಾಯಿ ಬಿಗಿಹಿಡಿದು ಇಲ್ಲವೆಂದು ತಲೆಯಾಡಿಸಿದರು. “ಪಾಪ, ಸ್ಪರ್ಶ ಇಲ್ಲ ಅಂತ ದುಃಖ ಅದಕ್ಕೆ,” ಎಂದು ಚಿಕ್ಕಮ್ಮ ಎಡಗಾಲನ್ನು ಹಿಂಡಿದರು. ಎಡಗಾಲಿಗೆ ಅನುಮತಿ ಇತ್ತು. ಆಗ್ಲಪ್ಪನವರು ಎರಡೂ ಕಾಲಿನ ಪರವಾಗಿ ಒಟ್ಟಿಗೆ ಕಿರುಚಿದರು. “ಎಡಗಡೆ ಎಷ್ಟು ಚೆನ್ನಾಗಿದೆ ನೋಡಿ!” ಎಂದು ಚಿಕ್ಕಮ್ಮ ಎಲ್ಲರಿಗೂ ತೋರಿಸಿದರು.

ಬಂದವರು ಹಣ್ಣು ತಂದರು, ಎಳನೀರು ತಂದರು, ತಮಗೆ ಗೊತ್ತಿದ್ದ, ಇದೇ ಕಾಯಿಲೆಯಲ್ಲಿ ತೀರಿಕೊಂಡವರ ಕಥೆಗಳನ್ನು ತಂದರು. ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಆಗ್ಲಪ್ಪನವರು ಎದ್ದು ಕೂತು, ಹೊದಿಕೆಯ ಕೆಳಗಿಂದ ಕ್ಯಾಮೆರಾ ತೆಗೆಯುತ್ತಿದ್ದರು. ಈಗ ಆ ಸ್ಟ್ರೋಬು ಮಿಂಚಿದರೆಷ್ಟು ಬಿಟ್ಟರೆಷ್ಟು! ಅದರ ಅಗತ್ಯವೇ ಮುಗಿದಿತ್ತು. ಆದರೂ ಬಿಡಲು ಮನಸ್ಸಾಗದು. ಕೇಬಲನ್ನು ಕಳಚುವರು, ಒರೆಸುವರು, ಹೌಸಿಂಗಿನ ತೂತಿಗೆ ಒತ್ತುವರು, ಗುಂಡಿ ಅದುಮುವರು. ಎಡಗಡೆಯದು ಮಿಂಚುವುದು, ಬಲಗಡೆಯದು ಸುಮ್ಮನಿರುವುದು. ಮೀಟರ್ ವಿಭಾಗದಲ್ಲಿ ಇಷ್ಟು ವರ್ಷ ಕೂತು ಯಾವ ಮೀಟರಿನ ಮೇಲೂ ಬಾರದ ಹಟ ಅವರಿಗೆ ಈ ತಂಬಿಗೆಯ ಮೇಲೆ ಬಂದಿತ್ತು. ಕಿಟಕಿಯಲ್ಲಿ ಆಗಾಗ ಬೆಳಕು ಛಳ್ಳೆನ್ನುವುದನ್ನು ಕಂಡ ವಿಮಾ ಏಜೆಂಟರು, “ಕರೆಂಟ್ ಕೊಡ್ತಿದ್ದಾರೆ ಪಾಪ,” ಎಂದು ಕೆಳಗೆ ಸುದ್ದಿ ಹಬ್ಬಿಸಿದರು.

ಭಾನುವಾರ ಸಾಹೇಬರೇ ಬಂದರು. ಜೊತೆಗೆ ಹೂಗುಚ್ಛ ಹಿಡಿದ ಟಪಾಲಿನವಳು, ಕತ್ತಿಗೆ ದೊಡ್ಡ ಕ್ಯಾಮೆರಾ ನೇತುಹಾಕಿಕೊಂಡ ಕ್ಯಾಷಿಯರ್. ಮೆಟ್ಟಿಲಲ್ಲಿ ಸದ್ದು ಕೇಳಿದೊಡನೆ ಆಗ್ಲಪ್ಪನವರು ಬಲಗಡೆಯ ಕೇಬಲನ್ನು ಕಿತ್ತು ದಿಂಬಿನ ಕೆಳಗೆ ತಳ್ಳಿ, ಉಳಿದದ್ದನ್ನು ಪಕ್ಕದ ಮೇಜಿನ ಮೇಲಿಟ್ಟು, ಅದರ ಮೇಲೊಂದು ತೆಳು ಟವಲು ಎಸೆದು, ಬಿದ್ದುಕೊಂಡರು. ಹಿಂದೆಯೇ ಟೀಚರಮ್ಮ, ಏಜೆಂಟರು, ಚಿಕ್ಕಮ್ಮ ಎಲ್ಲರೂ ಒಳಬಂದು ಕೋಣೆ ತುಂಬಿತು.

ಸಾಹೇಬರು ಕುರ್ಚಿಯ ತುದಿಯಲ್ಲಿ ಕೂತು ನಿಟ್ಟುಸಿರು ಬಿಟ್ಟರು. “ನೀವು ಆರಾಮಾಗಿ ಮಲಗಿ. ಟ್ಯಾಂಕಿನ ಯೋಚನೆ ಬೇಡ. ನಾಳೆ ಪೂರ್ತಿ ಬರಿದು ಮಾಡಿಸ್ತಿದ್ದೀನಿ.”

“ಅಂದ್ರೆ ನೀರು?” ಎಂದರು ಏಜೆಂಟರು.

“ನೀರು ಬರಲ್ಲ. ಬಿರುಕು ಸಿಗಬೇಕು, ಮುಚ್ಚಬೇಕು, ಒಣಗಬೇಕು, ಮತ್ತೆ ತುಂಬಬೇಕು. ಒಂದೆರಡು ವಾರ ಹಿಡಿಯುತ್ತೆ. ಇವರು ಇಳಿದಿದ್ರೆ ಇದೆಲ್ಲ ತಪ್ಪುತ್ತಿತ್ತು.”

ಎಲ್ಲರೂ ಆಗ್ಲಪ್ಪನವರನ್ನು ಹೊಸದಾಗಿ ನೋಡಿದರು. ಮೊದಲು ಬಾಯಿಬಿಟ್ಟವರು ಏಜೆಂಟರೇ. “ಎಡಗಡೆ ಪೂರ್ತಿ ಚೆನ್ನಾಗಿದೆ ತಾನೇ ಇವರಿಗೆ?”

“ಭೇಷಾಗಿದೆ! ಮೊನ್ನೆ ತಾನೇ ಹಿಂಡಿ ನೋಡಿದೆ,” ಎಂದರು ಚಿಕ್ಕಮ್ಮ.

“ನೀರಲ್ಲಿ ಮೈ ಭಾರಾನೂ ಗೊತ್ತಾಗಲ್ಲ,” ಎಂದರು ಟೀಚರಮ್ಮ, ಮೊನ್ನೆ ಸೆರಗನ್ನು ಬಾಯಿಗೆ ಒತ್ತಿಕೊಂಡವರು. “ಸೊಂಟಕ್ಕೆ ಒಂದು ಹಗ್ಗ ಕಟ್ಟಿ ನಿಧಾನಕ್ಕೆ ಇಳಿಸಿದ್ರೆ ಇವರಿಗೂ ಒಂದು ಬದಲಾವಣೆ ಇರುತ್ತೆ.”

“ಗಟ್ಟಿ ಹಗ್ಗ ನಮ್ಮನೇಲಿದೆ,” ಎಂದರು ಏಜೆಂಟರು. “ಪಾಲಿಸಿನೂ ಇದೆ.”

ಆಗ್ಲಪ್ಪನವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು. ಸಾಹೇಬರು, “ಛೆ ಛೆ, ಎಂಥ ಮಾತು!” ಎಂದರಾದರೂ ಹಗ್ಗ ಎಷ್ಟು ಉದ್ದವಿದೆ ಎಂದು ಕೇಳದಿರಲು ಕಷ್ಟಪಡುತ್ತಿರುವಂತೆ ಕಂಡಿತು. ಹೂಗುಚ್ಛ ಕೊಡುವ ಹೊತ್ತು ಬಂತು. ಕ್ಯಾಷಿಯರ್ ಮಂಡಿಯೂರಿ, “ಸಾರ್ ಸ್ವಲ್ಪ ದುಃಖದಿಂದ… ಹ್ಞಾಂ, ಸಾಕು,” ಎಂದು ಕ್ಯಾಮೆರಾ ಅದುಮಿದ.

ಅವನ ಫ್ಲ್ಯಾಶು ಮಿಂಚಿದ ಗಳಿಗೆಯಲ್ಲೇ ಮೇಜಿನ ಮೇಲಿನ ಟವಲಿನೊಳಗಿಂದ ಅದರ ಹತ್ತರಷ್ಟು ದೊಡ್ಡ ಮಿಂಚೊಂದು ಹೊಮ್ಮಿ ಗೋಡೆ, ಮಂಚ, ಸಾಹೇಬರ ಬೋಳುತಲೆ ಎಲ್ಲ ಬೆಳ್ಳಗೆ ಬೆಳಗಿದವು. ಚಿಕ್ಕಮ್ಮ ಚೀರಿದರು. ಹೂಗುಚ್ಛ ನೆಲಕ್ಕೆ ಬಿತ್ತು.

ಮಿಂಚಿದ್ದು ಬಲಗಡೆಯದು. ಸ್ಟ್ರೋಬಿಗೆ ಬೆಳಕು ಗುರುತಿಸುವ ಪುಟ್ಟ ಕಣ್ಣೊಂದಿರುತ್ತದೆ. ಎಡಗಡೆಯದರ ಕಣ್ಣಿಗೆ ಕೇಬಲು ಚುಚ್ಚಿತ್ತು, ಅದಕ್ಕೆ ಹೊರಗಿನ ಬೆಳಕು ಕಾಣಲಿಲ್ಲ. ಕೇಬಲು ಕಿತ್ತಿದ್ದ ಬಲಗಡೆಯದಕ್ಕೆ ಕಂಡಿತು, ಎದ್ದಿತು. ಅಂದರೆ ಸ್ಟ್ರೋಬು ಕೆಟ್ಟಿಲ್ಲ! ಇಷ್ಟೂ ದಿನ ತಪ್ಪು ಇದ್ದದ್ದು ಕೇಬಲಿನಲ್ಲಿ! ಆಗ್ಲಪ್ಪನವರು ಹೊದಿಕೆ ಒದ್ದು, ಮಂಚದ ಮೇಲೆ ಎದ್ದು ನಿಂತು, ಬಲಗೈಯನ್ನು ಗಾಳಿಯಲ್ಲಿ ಬೀಸಿದರು.

“ಬಂತು! ಬಲಗಡೆದು ಬಂತು!”

ಟೀಚರಮ್ಮ ಕುಸಿದು ಕುರ್ಚಿಯ ಮೇಲೆ ಕೂತರು. ಏಜೆಂಟರು ಕ್ಯಾಷಿಯರನನ್ನು ತಬ್ಬಿಕೊಂಡರು. ಏನು ನಡೆಯಿತೆಂದು ಅರ್ಥವಾಗದಿದ್ದರೂ ಕ್ಯಾಷಿಯರ್ ಅಭಿನಂದನೆಗಳನ್ನು ವಿನಯದಿಂದ ಸ್ವೀಕರಿಸಿದ. ಮುಂದೆ ಅವನ ಬಳಿಗೆ ಮಂಡಿನೋವಿನವರು ಒಬ್ಬಿಬ್ಬರು ಫೋಟೋ ತೆಗೆಸಿಕೊಳ್ಳಲು ಹೋದದ್ದುಂಟು.

ಆಗ್ಲಪ್ಪನವರಿಗೆ ಯಾರ ಪರಿವೆಯೂ ಇರಲಿಲ್ಲ. ದಿಂಬಿನ ಕೆಳಗಿನ ಕೇಬಲು ತೆಗೆದು ಹಿಂದೆ ಮುಂದೆ ತಿರುಗಿಸುತ್ತಿದ್ದರು. ಹೆಂಡತಿ ಅದನ್ನು ಅವರ ಕೈಯಿಂದ ತೆಗೆದುಕೊಂಡಳು. ಅದರ ಒಂದು ತುದಿಯಲ್ಲಿ ಅಕ್ಕಿಕಾಳಿನಷ್ಟು ಪುಟ್ಟದೊಂದು ಕಪ್ಪು ಟೋಪಿ ಇತ್ತು, ಧೂಳು ಹೋಗದಿರಲೆಂದು ಹಾಕಿದ್ದು.

“ಇದೇನ್ರೀ?” ಎಂದು ಉಗುರಿನಿಂದ ಮೀಟಿದಳು. ಟೋಪಿ ಹಾರಿಹೋಯಿತು.

ಕೇಬಲು ಜೋಡಿಸಿ, ಗುಂಡಿ ಅದುಮಿದರು. ಎಡ, ಬಲ, ಎರಡೂ ಒಟ್ಟಿಗೆ ಮಿಂಚಿದವು. ಕೋಣೆಯಲ್ಲಿದ್ದವರೆಲ್ಲ ಎರಡನೆಯ ಸಲ ಕುರುಡರಾದರು.

“ಭಲೇ!” ಎಂದರು ಸಾಹೇಬರು ಕಣ್ಣುಜ್ಜಿಕೊಳ್ಳುತ್ತ. “ಹಾಗಾದ್ರೆ ನಾಳೆ ಇಳೀತೀರಿ.”

“ಆಗ್…” ಎಂದಿತು ಬಾಯಿ.

“ಡಾಕ್ಟ್ರು ನೀರಿಗೆ ಇಳೀಲೇಬಾರ್ದು ಅಂದಿದ್ದಾರೆ ಸಾರ್,” ಎಂದಳು ಹೆಂಡತಿ. ಆ ದಾಂಪತ್ಯದಲ್ಲಿ ಅವಳು ಸಾರ್ವಜನಿಕವಾಗಿ ಹೇಳಿದ ಮೊದಲ ಸುಳ್ಳು ಅದು. ಅಭ್ಯಾಸವಿದ್ದವರು ಹೇಳಿದಷ್ಟೇ ಸಲೀಸಾಗಿ ಬಂತು. “ಇಳಿಯೋರು ಯಾರಾದ್ರೂ ಇದ್ರೆ ಕ್ಯಾಮೆರಾ ಕಟ್ಟಿಕೊಡ್ತಾರೆ.”

ಸೋಮವಾರ ಗುಡ್ಡದ ಟ್ಯಾಂಕಿಗೆ ಒಬ್ಬ ಡೈವರ್ ಬಂದ. ಬಂದರಿನಲ್ಲಿ ದೋಣಿಗಳ ಅಡಿ ಕೆರೆಯುವವನು. ಕಾವಲುಗಾರ, “ಡ್ರೈವರ್ ಅಂದ್ರೆ ಗಾಡಿ ಎಲ್ಲಿ?” ಎಂದು ಗೇಟಿನಲ್ಲಿ ತಡೆದು ಸ್ವಲ್ಪ ಹೊತ್ತು ಹೋಯಿತು. ಆಗ್ಲಪ್ಪನವರು ಟ್ಯಾಂಕಿನ ಕಬ್ಬಿಣದ ಏಣಿಯನ್ನು ಎರಡು ಕೈ, ಎರಡು ಕಾಲು, ಸಾಧ್ಯವಾದಷ್ಟು ಗಲ್ಲದಿಂದಲೂ ಹಿಡಿದುಕೊಂಡು ಹತ್ತಿದರು. ಮೇಲೆ ಕೂತು ಹೌಸಿಂಗನ್ನು ಮುಚ್ಚಿದರು, ಅಂಚಿನ ರಬ್ಬರು ಬಳೆಯ ಮೇಲೆ ಕೂದಲೆಳೆಯೂ ಇಲ್ಲವೆಂದು ನೋಡಿದರು, ಕೇಬಲುಗಳನ್ನು ಕೂರಿಸಿದರು, ತೋಳುಗಳನ್ನು ಅಗಲಿಸಿ ಡೈವರನ ಕೈಗೆ ಕೊಟ್ಟರು.

ಡೈವರ್ ಕತ್ತಲೆಯ ನೀರಿಗೆ ಇಳಿದ. ತುಸು ಹೊತ್ತಿನಲ್ಲಿ ಆಳದಲ್ಲಿ ಬೆಳಕು ಎದ್ದಿತು, ಎಡಕ್ಕೊಂದು ಬಲಕ್ಕೊಂದು, ಜೋಡಿಯಾಗಿ. ಮತ್ತೊಮ್ಮೆ. ಮತ್ತೊಮ್ಮೆ. ಆಗ್ಲಪ್ಪನವರು ಬಾಗಿ ನೋಡುತ್ತಲೇ ಇದ್ದರು. ತಾವು ಕೂತಿರುವ ಜಾಗ ಎಷ್ಟು ಎತ್ತರವೆಂಬುದೂ ಅವರಿಗೆ ಮರೆತುಹೋಗಿತ್ತು.

ಚಿತ್ರದಲ್ಲಿ ಬಿರುಕು ಕನ್ನಡಿಯಲ್ಲಿ ಕಂಡಂತೆ ಕಂಡಿತು, ಹೊರಕೊಳವೆಯ ಬುಡದಲ್ಲಿ. ಡೈವರ್ ನೀರಿನಲ್ಲೇ ಗಟ್ಟಿಯಾಗುವ ಗಾರೆ ಮೆತ್ತಿ ಬಂದ. ಊರಿನ ನಲ್ಲಿಗಳಿಗೆ ಏನೂ ತಿಳಿಯಲೇ ಇಲ್ಲ. ಸಾಹೇಬರು, ನೋಡಲು ಬಂದಿದ್ದ ಆಗ್ಲಪ್ಪನವರ ಹೆಂಡತಿ, ಟೀಚರಮ್ಮ ಎಲ್ಲರನ್ನೂ ಟ್ಯಾಂಕಿನ ನೆರಳಿನಲ್ಲಿ ನಿಲ್ಲಿಸಿ, “ಕಾಯಿಲೆಯಿಂದೆದ್ದು ಬಂದು ಊರಿಗೆ ನೀರು ಉಳಿಸಿದ ಈಜುಗಾರರು, ಡೈವರು, ಛಾಯಾಗ್ರಾಹಕರು…” ಎಂದು ಹೊಗಳತೊಡಗಿದರು. ಆಗ್ಲಪ್ಪನವರಿಗೆ ಇನ್ನು ತಡೆಯಲಾಗಲಿಲ್ಲ. ಒಂದು ಹೆಜ್ಜೆ ಮುಂದೆ ಬಂದರು.

“ಸಾರ್, ಒಂದು ನಿಜ ಹೇಳ್ಬೇಕು. ನನಗೆ ಈಜು ಬರಲ್ಲ. ಆ ಮೀನಿನ ಫೋಟೋ ನಾನು ತೆಗೆದಿದ್ದಲ್ಲ. ನನಗೆ ಸ್ಟ್ರೋಕೂ ಆಗಿರಲಿಲ್ಲ.”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಹೇಬರು ಮೆಲ್ಲನೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟು, ಹೆಂಡತಿಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು. “ಇನ್ನೂ ನೆನಪು ಸರಿಯಾಗಿ ಕೂತಿಲ್ಲ, ಅಲ್ವಾಮ್ಮಾ?”

“ಈಜೂ ಮರೆತುಹೋಗಿದೆ ಪಾಪ,” ಎಂದರು ಟೀಚರಮ್ಮ ಮೂಗೊರೆಸಿಕೊಳ್ಳುತ್ತ.

“ನೆನಪು ಬರಲಿ, ಅವಸರ ಇಲ್ಲ,” ಎಂದರು ಸಾಹೇಬರು. “ಬೇಸಿಗೆಗೆ ಕೆಳಗಿನ ಟ್ಯಾಂಕು ನೋಡಬೇಕು. ಆಗ ಇವರೇ ಇಳೀಲಿ.”

ನಂಬಿದವನು ಡೈವರ್ ಒಬ್ಬನೇ. ಸಾಮಾನು ಕಟ್ಟುತ್ತ, “ಏಣಿ ಹತ್ತೋದು ನೋಡಿದಾಗ್ಲೇ ಗೊತ್ತಾಯ್ತು ಸಾರ್,” ಎಂದ. “ಸಂಜೆ ಈಜುಕೊಳದ ಹತ್ರ ಬನ್ನಿ. ಮಕ್ಕಳ ಕಡೆ ಸೊಂಟದವರೆಗೇ ನೀರಿರೋದು.”

ಹೀಗೆ ಆಗ್ಲಪ್ಪನವರು ಈಜು ಕಲಿಯಲು ಹೋದರು. ಅದು ಗುಟ್ಟಾಗಿ ಉಳಿಯಲಿಲ್ಲ. ಪಾರ್ಶ್ವವಾಯುವಿಗೆ ನೀರಿನ ವ್ಯಾಯಾಮವೆಂದು ಟೀಚರಮ್ಮ ಎಲ್ಲರಿಗೂ ಹೇಳಿದ್ದರು. ಸಂಜೆಯಾದರೆ ಕೊಳದ ಸುತ್ತಿನ ಕಟಕಟೆಯ ಬಳಿ ಅವರು, ಏಜೆಂಟರು, ಟಪಾಲಿನವಳು ಸಾಲಾಗಿ ನಿಂತು ಧೈರ್ಯ ಹೇಳುವರು. ಡೈವರ್ ನೀರಿನಲ್ಲಿ ನಿಂತು ಹೇಳಿಕೊಡುವನು. ಆಗ್ಲಪ್ಪನವರು ಎರಡು ಕೈಯಲ್ಲೂ ಕೊಳದ ಅಂಚನ್ನು ಕಚ್ಚಿ ಹಿಡಿದು ಕಾಲು ಬಡಿಯುವರು.

“ಬಲಗಾಲು! ಬಲಗಾಲು ಎತ್ತಿ!” ಎಂದು ಟೀಚರಮ್ಮ ತರಗತಿಯಲ್ಲಿ ಕೂಗಿದಂತೆ ಕೂಗಿದರು.

ಒಂದು ಸಂಜೆ ಬಲಗಾಲು ಚೆನ್ನಾಗಿಯೇ ಮೇಲೆ ಬಂತು, ಎಡಗಾಲಿನ ಜೊತೆಗೆ, ನೊರೆ ಎಬ್ಬಿಸುತ್ತ. ಕಟಕಟೆಯ ಬಳಿ ಚಪ್ಪಾಳೆಯೋ ಚಪ್ಪಾಳೆ. ಏಜೆಂಟರು ಸಿಳ್ಳೆ ಹಾಕಿದರು. ಎಂದೂ ಏನೂ ಆಗಿರದಿದ್ದ ಆ ಕಾಲನ್ನು ಎಲ್ಲರೂ ಕಣ್ತುಂಬ ನೋಡುತ್ತಿದ್ದರು. ಹಾಗಾಗಿ, ಆಗ್ಲಪ್ಪನವರು ಅಂಚಿನಿಂದ ಒಂದು ಕೈ ಬಿಟ್ಟದ್ದನ್ನೂ, ಆಮೇಲೆ ಇನ್ನೊಂದನ್ನೂ ಬಿಟ್ಟದ್ದನ್ನೂ ಅವರಲ್ಲಿ ಯಾರೂ ಗಮನಿಸಲಿಲ್ಲ. ಬೆಂಚಿನ ಮೇಲೆ ಟವಲು ಹಿಡಿದು ಕೂತಿದ್ದ ಹೆಂಡತಿ ಮಾತ್ರ ಚಪ್ಪಾಳೆ ತಟ್ಟದೆ, ಮೆಲ್ಲನೆ ಎದ್ದು ನಿಂತಳು.